ಕೊಕ್ಕರೆ ಛಾಪಿನ ವಾರಸುದಾರರು

ಮಗಳ ಬಟ್ಟೆ ಒಣಹಾಕುವಾಗ ಅವುಗಳ ಮೇಲೆ ಬರೆದಿದ್ದನ್ನೆಲ್ಲ ಓದುವುದು ನನಗೊಂದು ಚಟ. ಚಟವೋ ಹೊತ್ತು ಕಳೆಯುವ ದಾರಿಯೋ ನೀವೇ ತೀರ್ಮಾನಿಸಿ. ಪುಣೆಯ ನಮ್ಮ ಮನೆಯ ಬಾಲ್ಕನಿಯಲ್ಲಿ ತಂತಿಗೆ ಕ್ಲಿಪ್ ಹಾಕುತ್ತ ನಾನು ಓದದೆ ಬಿಟ್ಟ ಟಿ ಶರ್ಟ್ ಇಲ್ಲ. ಒಂದರ ಮೇಲೆ ಲಾರಿ ಕಂಪನಿಯ ಮುದ್ರೆ ಇರುತ್ತದೆ. ಕೇಳಿದರೆ, ಅದು ಲಾರಿ ಕಂಪನಿಯಲ್ಲ, ಹಾಡುವವರ ಬ್ಯಾಂಡು ಅನ್ನುತ್ತಾಳೆ ಮುಕ್ತಾ. ಇನ್ನೊಂದರ ಮೇಲೆ ಹೊಲಿಗೆ ಮಶೀನಿನ ಕಂಪನಿಯದು. ಅದೂ ಬ್ಯಾಂಡೇ ಅಂತೆ. ಹಾಡುವವರಿಗೆ ತಮ್ಮ ಹೆಸರು ಯಾಕೆ ಸಾಲುವುದಿಲ್ಲ ಎಂಬುದು ನನ್ನ ಬಹಳ ದಿನದ ಕುತೂಹಲ. ನಮ್ಮ ಧಾರವಾಡದ ಕಡೆ ಹಾಡುವವರು ಗುರುವಿನ ಹೆಸರು, ಊರಿನ ಹೆಸರು ಹೇಳಿಕೊಂಡೇ ದೊಡ್ಡವರಾದವರು. ಗ್ರೀಸ್ ಡಬ್ಬಿಯ ಹೆಸರಿಟ್ಟುಕೊಂಡು ಭೀಮಪಲಾಸ ಹಾಡಿದವರನ್ನು ನಾನಂತೂ ಕಂಡಿಲ್ಲ.

ಈ ಕುತೂಹಲ ಬಾಲ್ಕನಿಯಲ್ಲೇ ಒಣಗಿ ಹೋಗುತ್ತಿತ್ತು. ಆದರೆ ಒಂದು ದಿನ ಬಕೀಟಿನಿಂದ ಹೊಸದೊಂದು ಕಪ್ಪು ಟಿ ಶರ್ಟ್ ಎತ್ತಿ ಝಾಡಿಸಿದೆ. ಅದರ ಎದೆಯ ಮೇಲೆ ನಮ್ಮ ಅಪ್ಪನ ಕೊಕ್ಕರೆ ನಿಂತಿತ್ತು.

ಯಾವುದೋ ಒಂದು ಕೊಕ್ಕರೆ ಅಲ್ಲ, ನಮ್ಮದೇ ಕೊಕ್ಕರೆ. ಒಂಟಿ ಕಾಲು, ಸುತ್ತ ಬಳ್ಳಿಯ ಚೌಕಟ್ಟು, ಕೊಕ್ಕಿನಲ್ಲಿ ಭತ್ತದ ತೆನೆ. ಕೆಳಗೆ ಮರಾಠಿಯಲ್ಲಿ ‘ಬಗಳಾ ಛಾಪ’ ಎಂದಿತ್ತು. ಬಗಳಾ ಅಂದರೆ ಮರಾಠಿಯಲ್ಲಿ ಕೊಕ್ಕರೆ. ನಾನು ಒದ್ದೆ ಅಂಗಿಯನ್ನು ಹಿಡಿದುಕೊಂಡು ನಿಂತೇ ಇದ್ದೆ. ನೀರೆಲ್ಲ ಕೆಳಗಿನ ಮನೆಯವರ ಹಪ್ಪಳದ ಮೇಲೆ ಸುರಿದು, ಅವರು ಕತ್ತೆತ್ತಿ ಮರಾಠಿಯಲ್ಲಿ ಎರಡು ಮಾತು ಆಡಿದ್ದೂ ಆಯಿತು.

ಕೊಕ್ಕರೆ ಛಾಪ ಹಲ್ಲಿನ ಪುಡಿ ನಮ್ಮ ಅಪ್ಪನ ಉದ್ಯೋಗ. ಕಾರಖಾನೆ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ನಿಜದಲ್ಲಿ ಅದು ಧಾರವಾಡದ ನಮ್ಮ ಮನೆಯ ಹಿತ್ತಲ ಪಡಸಾಲೆ. ಅಲ್ಲಿ ಬಾದಾಮಿಯ ಸಿಪ್ಪೆ ಸುಟ್ಟು, ಕುಟ್ಟಿ, ಲವಂಗ, ಪಟಿಕ, ಉಪ್ಪು ಸೇರಿಸಿ ವಸ್ತ್ರಗಾಳಿಸಿ, ತಗಡಿನ ಡಬ್ಬಿಗೆ ತುಂಬಿ, ಮೇಲೆ ಚೀಟಿ ಅಂಟಿಸುವುದು. ಚೀಟಿಯ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ಮನೆಯ ಮಕ್ಕಳಿಗೆಲ್ಲ ಅಂಟಿಸುವ ಕೆಲಸ. ನಮ್ಮ ಮೂಗಿನ ಹೊಳ್ಳೆಗಳು ವರ್ಷದ ಅಷ್ಟೂ ದಿನ ಕಪ್ಪಗಿರುತ್ತಿದ್ದವು. ಸಾಲಿಯಲ್ಲಿ ನಾವು ಯಾರ ಮಕ್ಕಳೆಂದು ಮಾಸ್ತರರು ಕೇಳಬೇಕಾಗಿರಲಿಲ್ಲ. ಅಪ್ಪ ಟ್ರಂಕು ತುಂಬಿಕೊಂಡು ಬಸ್ಸು ಹತ್ತಿದರೆ ಬೆಳಗಾವಿ, ಕೊಲ್ಹಾಪುರ ದಾಟಿ ಭೋರ್, ಶಿರೂರಿನ ಸಂತೆಗಳವರೆಗೂ ಹೋಗಿ ಬರುತ್ತಿದ್ದರು.

ಹಲ್ಲಿನ ಪುಡಿಗೂ ಕೊಕ್ಕರೆಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ, ಗೊತ್ತು. ಎಲ್ಲರೂ ಕೇಳುತ್ತಿದ್ದರು. ಕೊಕ್ಕರೆಗೆ ಹಲ್ಲೇ ಇಲ್ಲವಲ್ಲ ಎಂದು ಯಾರಾದರೂ ನಕ್ಕರೆ ಅಪ್ಪನ ಉತ್ತರ ಸಿದ್ಧವಿತ್ತು: “ಹಲ್ಲುಬ್ಯಾನಿ ಬಂದ ಕೊಕ್ಕರಿ ಎಲ್ಲಿಯಾದ್ರೂ ನೋಡೀರೇನ್ರಿ?” ನಿಜವಾದ ಕಾರಣ ಬೇರೆ. ಹುಬ್ಬಳ್ಳಿಯ ಒಂದು ಛಾಪಖಾನೆಯಲ್ಲಿ ಯಾರೋ ಅಕ್ಕಿ ವ್ಯಾಪಾರಿ ತನ್ನ ಚೀಲಗಳಿಗೆಂದು ಭತ್ತದ ತೆನೆ ಕಚ್ಚಿದ ಕೊಕ್ಕರೆಯ ಅಚ್ಚು ಮಾಡಿಸಿ, ಒಯ್ಯಲು ಬರಲೇ ಇಲ್ಲವಂತೆ. ಚೀಟಿ ಛಾಪಿಸಲು ಹೋದ ಅಪ್ಪನಿಗೆ ಛಾಪಖಾನೆಯವರು, ಹೊಸ ಅಚ್ಚು ಯಾಕೆ, ಇದನ್ನೇ ಒಯ್ಯಿರಿ ಎಂದರು. ಅಪ್ಪ ಒಯ್ದರು. ತೆನೆ ಕೆತ್ತಿ ತೆಗೆಸಲು ಹೋದರೆ ಕೊಕ್ಕು ಮುರಿದೀತೆಂದು ಅದನ್ನೂ ಹಾಗೇ ಬಿಟ್ಟರು.

ಆಗ ಬ್ಯಾಂಡಿನವರು ಬೇರೆ ಥರದವರು. ಮದುವೆಯಲ್ಲಿ ಕೆಂಪು ಕೋಟು ಹಾಕಿಕೊಂಡು ಊದುವವರು, ಬಾರಿಸುವವರು. ನಮ್ಮ ಓಣಿಯ ಕಡೆಯ ಬ್ಯಾಂಡಿನ ದೊಡ್ಡ ಡೋಲಿನ ಚರ್ಮ ಒಮ್ಮೆ ಹರಿಯಿತು. ಅಪ್ಪ ಹೊಸ ಚರ್ಮ ಹಾಕಿಸಿಕೊಟ್ಟು, ಅದರ ಮೇಲೆ ಕೊಕ್ಕರೆ ಬರೆಸಿದರು. ಅಂದಿನಿಂದ ಮೆರವಣಿಗೆಯಲ್ಲಿ ಮದುಮಗನಿಗಿಂತ ಮುಂದೆ ನಮ್ಮ ಕೊಕ್ಕರೆ ಹೋಗುತ್ತಿತ್ತು, ಪ್ರತಿ ಹೊಡೆತಕ್ಕೂ ಅದರ ಹೊಟ್ಟೆ ಅದುರುತ್ತಿತ್ತು. ಕೆಲವು ವರ್ಷಗಳಲ್ಲಿ ಜನ ಬ್ಯಾಂಡಿನ ಅಸಲು ಹೆಸರನ್ನೇ ಮರೆತು, ‘ಮದುವೆಗೆ ಕೊಕ್ಕರಿ ಬ್ಯಾಂಡಿಗೆ ಹೇಳ್ರಿ’ ಎನ್ನತೊಡಗಿದರು. ಹೀಗಾಗಿ ನಮ್ಮ ಕೊಕ್ಕರೆಗೆ ಸಂಗೀತ ಹೊಸದೇನಲ್ಲ.

ಮುಕ್ತಾಳನ್ನು ಎಬ್ಬಿಸಿ ಕೇಳಿದೆ. ಅವಳು ನಿದ್ದೆಗಣ್ಣಿನಲ್ಲೇ ನಕ್ಕಳು. ಕಾಲೇಜಿನ ಹುಡುಗರ ಬ್ಯಾಂಡಂತೆ, ಹೆಸರೇ ಬಗಳಾ ಛಾಪ ಅಂತೆ. ಹಾಡುವವಳು ಸಾನಿಕಾ ಎಂಬ ಹುಡುಗಿ. ಭೋರ್‌ನಲ್ಲಿ ಅವಳ ಅಜ್ಜಿ ಸೂಜಿ ದಾರ ಹಾಕಿಡುತ್ತಿದ್ದ ಹಳೆಯ ಡಬ್ಬಿಯ ಮೇಲೆ ಈ ಚಿತ್ರವಿತ್ತಂತೆ. ಕಂಪನಿ ಎಂದೋ ಮುಚ್ಚಿಹೋಗಿರಬೇಕೆಂದು ತಿಳಿದು ಹೆಸರು, ಚಿತ್ರ ಎರಡನ್ನೂ ಇಟ್ಟುಕೊಂಡರಂತೆ. ಮಾಮಾನ, ಅಂದರೆ ನನ್ನ ಅಣ್ಣನ, ಮನೆಯ ಕೊಕ್ಕರೆಯನ್ನು ನೋಡಿ ಖುಷಿಯಾಗಿ ಇವಳೂ ಒಂದು ಕೊಂಡು ತಂದಿದ್ದಳು. ನನಗೂ ಖುಷಿಯೇ ಆಯಿತು. ಆ ಖುಷಿಯಲ್ಲಿ ಟಿ ಶರ್ಟಿನ ಫೋಟೋ ತೆಗೆದು ಧಾರವಾಡಕ್ಕೆ, ಅಣ್ಣನ ಫೋನಿಗೆ ಕಳಿಸಿಬಿಟ್ಟೆ.

ಅಣ್ಣ ಫೋನು ಮಾಡಲಿಲ್ಲ. ಮರುದಿನ ಸೀದಾ ಮನೆ ಬಾಗಿಲಿಗೇ ಬಂದ. ಬಗಲಲ್ಲಿ ಚೌಕಟ್ಟು ಹಾಕಿಸಿದ ಒಂದು ಪ್ರಮಾಣಪತ್ರ, ಸೀರೆಯಲ್ಲಿ ಸುತ್ತಿದ್ದು. ಅದು ಕೊಕ್ಕರೆ ಛಾಪಿನ ಟ್ರೇಡ್‌ಮಾರ್ಕ್ ನೋಂದಣಿ. ಅಪ್ಪ ಹೋದ ಮೇಲೆ ಅಣ್ಣನೇ ಉದ್ಯೋಗ ನೋಡಿಕೊಂಡ. ಟ್ಯೂಬಿನ ಪೇಸ್ಟು ಎಲ್ಲ ಅಂಗಡಿಗೂ ಬಂದಮೇಲೆ ಒಂದೊಂದೇ ಊರಿನವರು ಪುಡಿ ಬೇಡ ಎಂದರು. ಪಡಸಾಲೆ ಖಾಲಿಯಾಯಿತು. ಆದರೂ ಹತ್ತು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವುದನ್ನು ಅವನು ತಪ್ಪಿಸಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಅದನ್ನು ದೇವರ ಮನೆಯ ಹೊರಗೋಡೆಗೆ ತೂಗುಹಾಕಿದ್ದರು. ಹೆಸರು ಉಳಿದರೆ ಅಪ್ಪ ಉಳಿದಂತೆ ಎಂದು ಅಣ್ಣ ಬಾಯಿಬಿಟ್ಟು ಹೇಳಿದವನಲ್ಲ. ಆದರೆ ನಮಗೆಲ್ಲ ಗೊತ್ತಿತ್ತು.

“ಅಪ್ಪನ ಕೊಕ್ಕರಿ ಕದ್ದಾರ, ಸುಮಿ. ನಾ ಬಿಡಾಂವಲ್ಲ” ಎಂದ, ಚಪ್ಪಲಿ ಬಿಡುವುದಕ್ಕೂ ಮೊದಲು.

ನಾನು ಚಹಾ ಕೊಟ್ಟು, ಸಮಯ ನೋಡಿ ಅಕ್ಕಿ ವ್ಯಾಪಾರಿಯ ನೆನಪು ಮಾಡಿಕೊಟ್ಟೆ. ಅದು ಬೇರೆ, ಆ ಮನುಷ್ಯ ಬಿಟ್ಟುಹೋದದ್ದನ್ನು ಅಪ್ಪ ತಂದರು ಎಂದ. ಈ ಹುಡುಗರೂ ಹಾಗೇ ತಿಳಿದಿದ್ದಾರೆ ಎಂದೆ. ಮದುವೆ ಬ್ಯಾಂಡಿನ ಡೋಲನ್ನೂ ನೆನಪಿಸಿದೆ. ಅದಕ್ಕೆ ಅವನು, “ಅಲ್ಲೆ ಅಪ್ಪನೇ ಬರೆಸಿದ್ರು. ಇವ್ರು ಕೇಳಿಲ್ಲ. ನಾವು ಇನ್ನೂ ಅದೀವಿ ಅಂತ ಒಬ್ಬರಿಗರ ಗೊತ್ತದ ಏನು?” ಎಂದ. ದನಿ ಸಣ್ಣದಾಗಿತ್ತು. ಆಮೇಲೆ ನಾನು ಚೇಷ್ಟೆ ಮಾಡಲಿಲ್ಲ.

ಶಿವಾಜಿನಗರದಲ್ಲಿ ಕೋರ್ಟಿನ ಹತ್ತಿರ ಇನಾಮದಾರ ವಕೀಲರು ಇದ್ದಾರೆ. ಮೂಲ ಬೆಳಗಾವಿ ಕಡೆಯವರು. ಪುಣೆಯ ಕನ್ನಡಿಗರಿಗೆ ಮನೆಯ ತಂಟೆ ಬಂದರೂ ಅಂಗಡಿಯ ತಂಟೆ ಬಂದರೂ ಅವರೇ. ಅಣ್ಣನೂ ನಾನೂ ಹೋದೆವು. ವಕೀಲರು ಟಿ ಶರ್ಟನ್ನು ಮೇಜಿನ ಮೇಲೆ ಹಾಸಿಕೊಂಡು, ಪಕ್ಕದಲ್ಲಿ ಪ್ರಮಾಣಪತ್ರ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರಿಗೂ ಮೋಜು ಅನಿಸಿದಂತಿತ್ತು.

ಅವರು ಹೇಳಿದ್ದು ನನಗೆ ಬಹಳ ಸೋಜಿಗದ್ದಾಗಿ ಕಂಡಿತು, ಅದಕ್ಕೇ ನಿಮಗೂ ಹೇಳುತ್ತೇನೆ. ಕಾಯ್ದೆಯವರು ಜಗತ್ತಿನ ಸಾಮಾನುಗಳನ್ನೆಲ್ಲ ನಲವತ್ತಕ್ಕೂ ಮೇಲೆ ವರ್ಗಗಳಾಗಿ ವಿಂಗಡಿಸಿ ಇಟ್ಟಿದ್ದಾರಂತೆ. ಸಾಬೂನು, ಹಲ್ಲಿನ ಪುಡಿ ಒಂದು ಕಡೆ. ಅಂಗಿ, ಟೊಪ್ಪಿಗೆ ಇನ್ನೊಂದು ಕಡೆ. ಹಾಡು, ನಾಟಕ ಮತ್ತೊಂದು ಕಡೆ. ಹಲ್ಲಿನ ಪುಡಿಯ ಮೇಲೆ ಕುಳಿತ ಕೊಕ್ಕರೆ ನಿಮ್ಮದು. ಅದೇ ಕೊಕ್ಕರೆ ಹಾರಿ ಹೋಗಿ ಹಾಡಿನ ಮೇಲೆ ಕುಳಿತರೆ ನಿಮ್ಮದೆಂದು ಸಾಧಿಸುವುದು ಕಷ್ಟ. ದೇಶಕ್ಕೆಲ್ಲ ಗೊತ್ತಿರುವ ದೊಡ್ಡ ಹೆಸರುಗಳ ಮಾತು ಬೇರೆ, ಅವರಿಗೆ ಎಲ್ಲ ವರ್ಗದಲ್ಲೂ ಕೈಹಾಕುವ ಬಲ ಇರುತ್ತದೆ. ಇಷ್ಟು ಕೇಳಿ ನನ್ನ ತಲೆ ಬಾಲ್ಕನಿಗೆ ಹೋಯಿತು. ಆ ಲಾರಿ ಕಂಪನಿಯವರು, ಹೊಲಿಗೆ ಮಶೀನಿನವರು ಏನು ಮಾಡಿರಬಹುದು? ನೋಟೀಸು ಕೊಟ್ಟರೋ, ಪುಕ್ಕಟೆ ಜಾಹೀರಾತು ಸಿಕ್ಕಿತೆಂದು ಸುಮ್ಮನಾದರೋ? ಕೇಳಿದರೆ ವಕೀಲರು, ಎರಡೂ ಆಗುತ್ತವೆ, ಕೆಲವು ಬ್ಯಾಂಡಿನವರು ಹೆಸರೇ ಬದಲಿಸಬೇಕಾಗುತ್ತದೆ ಎಂದರು. ಹೆಸರು ಬದಲಿಸಿದ ಮೇಲೆ ಹಾಡು ಅದೇ ಇರುತ್ತದೆಯೇ ಎಂದು ಕೇಳಬೇಕೆಂದಿದ್ದೆ. ಅಣ್ಣ ನನ್ನ ಕಡೆ ನೋಡಿದ. ಕೇಳಲಿಲ್ಲ.

ಆಮೇಲೆ ವಕೀಲರು ಕನ್ನಡಕ ತೆಗೆದು, “ಈಗ ಪುಡಿ ಮಾಡ್ತೀರಲ್ರಿ?” ಎಂದು ವಿಚಾರಿಸಿದರು.

ಅಣ್ಣ ಎದೆ ಸೆಟೆಸಿ ಕುಳಿತ. ವರ್ಷಾ ವರ್ಷಾ ತಪ್ಪದೆ ಮಾಡುತ್ತೇನೆ ಎಂದ. ಸುಳ್ಳಲ್ಲ. ಪ್ರತಿ ದಸರೆಗೆ ಅಣ್ಣ ಮನೆಯಲ್ಲೇ ಒಂದು ಪಾತ್ರೆ ಪುಡಿ ಮಾಡುತ್ತಾನೆ. ಹಬ್ಬಕ್ಕೆ ತವರಿಗೆ ಹೋದ ನಮಗೆಲ್ಲ, ಅಂದರೆ ನನಗೆ, ಕಾಕಾನ ಹೆಣ್ಣುಮಕ್ಕಳಿಗೆ, ಸೋದರತ್ತೆಗೆ, ವೈನಿ ಉಡಿ ತುಂಬುವಾಗ, ಅಂದರೆ ಹೊರಟು ನಿಂತ ಹೆಣ್ಣುಮಕ್ಕಳ ಮಡಿಲು ತುಂಬಿಸುವಾಗ, ಅಕ್ಕಿ, ಕಾಯಿ, ಕುಬ್ಬಸದ ಕಣದ ಜೊತೆಗೆ ಕೊಕ್ಕರೆ ಛಾಪಿನ ಡಬ್ಬಿಯೂ ಬೀಳುತ್ತದೆ. ನನ್ನ ಅಡುಗೆಮನೆಯ ಮಾಡದಲ್ಲಿ ಅಂಥ ಡಬ್ಬಿಗಳ ಸಾಲೇ ಇದೆ. ಪೇಸ್ಟಿನಿಂದ ಹಲ್ಲುಜ್ಜಿ, ಡಬ್ಬಿಗಳ ಧೂಳು ಒರೆಸುವ ಹೆಂಗಸು ನಾನು.

ಮಾರಿದ ಬಿಲ್ಲುಗಳು ಇದ್ದರೆ ತೋರಿಸಿರಿ ಎಂದರು ವಕೀಲರು. ಅಣ್ಣ ಅವರ ಮುಖವನ್ನೇ ನೋಡಿದ.

“ಮನಿ ಹೆಣ್ಣಮಕ್ಕಳ ಕಡೆ ರೊಕ್ಕ ಇಸಕೊಳ್ಳೂದೇನ್ರಿ?” ಎಂದ.

ವಕೀಲರು ನಗಲಿಲ್ಲ. ಬೆಳಗಾವಿಯವರು, ಉಡಿ ತುಂಬುವುದು ಏನೆಂದು ಅವರಿಗೆ ವಿವರಿಸಬೇಕಾಗಿರಲಿಲ್ಲ. ಮೆಲ್ಲಗೆ, ಮಗುವಿಗೆ ಕಹಿ ಔಷಧ ಕುಡಿಸುವ ಹಾಗೆ, ತಿಳಿಸಿ ಹೇಳಿದರು. ಕೊಡುವುದು ವ್ಯಾಪಾರವಲ್ಲ. ಮಾರಿದರೆ ಮಾತ್ರ ಛಾಪು ಬಳಕೆಯಲ್ಲಿದೆ ಎಂದು ಕಾಯ್ದೆ ಒಪ್ಪುತ್ತದೆ. ಐದು ವರ್ಷಕ್ಕೂ ಹೆಚ್ಚು ಮಾರದೆ ಬಿಟ್ಟ ಛಾಪನ್ನು ಯಾರಾದರೂ ಕೇಳಿಕೊಂಡರೆ ಪಟ್ಟಿಯಿಂದ ತೆಗೆದುಹಾಕಬಹುದು. ನೀವು ಆ ಹುಡುಗರ ಮೇಲೆ ಹೋದರೆ ಅವರ ವಕೀಲ ಮೊದಲು ಹಿಡಿಯುವುದು ಇದನ್ನೇ. ಹಾಡಿನ ಕೊಕ್ಕರೆ ಸಿಗುವುದು ಒತ್ತಟ್ಟಿಗಿರಲಿ, ಹಲ್ಲಿನ ಪುಡಿಯ ಕೊಕ್ಕರೆಯೂ ಹೋದೀತು. ಅಣ್ಣ ಚೌಕಟ್ಟನ್ನು ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

ದಾರಿ ಒಂದೇ ಇತ್ತು. ತಕರಾರು ಏಳುವ ಮುಂಚೆ ಮತ್ತೆ ನಿಜವಾಗಿ ಮಾರಲು ಶುರುಮಾಡುವುದು, ಗಿರಾಕಿ ಹುಡುಕುವುದು, ಬಿಲ್ಲು ಬರೆಯುವುದು. ಹೊರಗೆ ಬರುವಾಗ ವಕೀಲರು ಬಾಗಿಲವರೆಗೂ ಬಂದು, “ಯಾರಿಗೂ ಪುಕ್ಕಟೆ ಕೊಡಬ್ಯಾಡ್ರಿ ಇನ್ನ ಮ್ಯಾಲೆ. ಅದಷ್ಟ ನೆನಪಿಡ್ರಿ” ಎಂದರು.

ಹೀಗೆ ಅಣ್ಣನ ಕಾರಖಾನೆ ನನ್ನ ಅಡುಗೆಮನೆಯಲ್ಲಿ ತೆರೆಯಿತು. ರವಿವಾರ ಪೇಟೆಯ ಸುಕಾಮೇವಿನ ಅಂಗಡಿಗೆ ಹೋಗಿ ಬಾದಾಮಿ ಬೇಡ, ಅದರ ಸಿಪ್ಪೆ ಬೇಕು ಎಂದಾಗ ಅಂಗಡಿಯವನು ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದ. ಸಿಪ್ಪೆ ಸುಟ್ಟ ಹೊಗೆಗೆ ಕೆಳಗಿನ ಮನೆಯವರು ಮತ್ತೆ ಕತ್ತೆತ್ತಿದರು. ನನ್ನ ಮಿಕ್ಸರಿನ ಜಾರು ಕಪ್ಪಾದದ್ದು ಇನ್ನೂ ಬಿಳಿಯಾಗಿಲ್ಲ, ನಮ್ಮ ಇಡ್ಲಿಯಲ್ಲಿ ಈಗಲೂ ಒಮ್ಮೊಮ್ಮೆ ಲವಂಗದ ವಾಸನೆ ಬರುತ್ತದೆ. ಆದರೆ ಮೂಗಿನ ಹೊಳ್ಳೆ ಕಪ್ಪು ಮಾಡಿಕೊಂಡು ನಮ್ಮ ಅಣ್ಣ ಜರಡಿ ಹಿಡಿದು ಕುಳಿತದ್ದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಮಿಕ್ಸರಿನ ಮಾತು ಎತ್ತಲಿಲ್ಲ.

ತೊಡಕು ಬಂದದ್ದು ಚೀಟಿಗೆ. ಹಳೆಯ ಅಚ್ಚು ಸವೆದು, ಅಣ್ಣ ಇತ್ತೀಚೆಗೆ ಅಂಟಿಸುತ್ತಿದ್ದ ಚೀಟಿಗಳಲ್ಲಿ ಕೊಕ್ಕರೆ ಕಾಗೆಯಂತೆ ಕಾಣುತ್ತಿತ್ತು. ಮುಕ್ತಾ ಫೋನಿನಲ್ಲಿ ಏನೋ ತಡಕಾಡಿ, ಬ್ಯಾಂಡಿನವರ ಪುಟದಿಂದ ಚಿತ್ರ ಇಳಿಸಿದಳು. ಭೋರ್‌ನ ಡಬ್ಬಿಯಿಂದ ಅವರು ಒಂದೊಂದು ಗೆರೆಯನ್ನೂ ತಿದ್ದಿ ಬರೆದಿದ್ದರು. ತೆನೆಯ ಕಾಳುಗಳು ಕೂಡ ಎಣಿಸುವಷ್ಟು ಸ್ಪಷ್ಟ. ಕದ್ದವರು ಎಂದು ಕರೆದವರ ಮನೆಯಿಂದ ನಮ್ಮ ಕೊಕ್ಕರೆಯನ್ನು ನಾವೇ ಕದ್ದು ತಂದಂತಾಯಿತು. ಅಣ್ಣ ಛಾಪಿಸಿದ ಚೀಟಿಯನ್ನು ಬೆಳಕಿಗೆ ಹಿಡಿದು, ಅಪ್ಪನ ಕಾಲದಲ್ಲೂ ಇಷ್ಟು ಚೊಕ್ಕ ಬಂದಿರಲಿಲ್ಲ ಎಂದು ತನ್ನಷ್ಟಕ್ಕೇ ಹೇಳಿಕೊಂಡ.

ಗಿರಾಕಿ ಮಾತ್ರ ಸಿಗಲಿಲ್ಲ. ನಮ್ಮ ಸುತ್ತಲಿನ ಅಂಗಡಿಯವರೆಲ್ಲ ಡಬ್ಬಿ ತಿರುಗಿಸಿ ನೋಡಿ, ವಾಸನೆ ಚೆನ್ನಾಗಿದೆ ಎಂದು ಹೊಗಳಿ, ಹಿಂದಕ್ಕೆ ಕೊಟ್ಟರು. ಅಣ್ಣ ಚೀಲ ಹಿಡಿದುಕೊಂಡು ಬಿಸಿಲಲ್ಲಿ ಮೆಟ್ಟಿಲು ಹತ್ತಿ ಇಳಿಯುವುದನ್ನು ನೋಡಲಾರದೆ ನಾನೇ ಮುಕ್ತಾಳಿಗೆ ಹೇಳಿದೆ, ಆ ಹುಡುಗಿಯನ್ನು ಕೇಳು ಎಂದು. ಸಾನಿಕಾ ಕುಣಿದಾಡಿಬಿಟ್ಟಳಂತೆ. ಕಂಪನಿ ಇನ್ನೂ ಇದೆಯೇ, ಕಾಕಾ ಇದ್ದಾರೆಯೇ, ಪುಡಿ ಸಿಗುತ್ತದೆಯೇ ಎಂದು ಕೇಳಿದ್ದೇ ಕೇಳಿದ್ದು. ಚೀಲದ ಅಷ್ಟೂ ಡಬ್ಬಿ ತಾವೇ ಕೊಳ್ಳುತ್ತೇವೆ, ಮುಂದಿನ ಕಾರ್ಯಕ್ರಮದಲ್ಲಿ ಟಿ ಶರ್ಟಿನ ಪಕ್ಕ ಇಟ್ಟು ಮಾರುತ್ತೇವೆ ಎಂದಳಂತೆ. ವಕೀಲರಿಗೆ ಫೋನು ಮಾಡಿ ಹೇಳಿದರೆ, ಇದಕ್ಕಿಂತ ಒಳ್ಳೆಯ ಗಿರಾಕಿ ನಿಮಗೆ ಸಿಗುವುದಿಲ್ಲ, ಬಿಲ್ಲು ಬರೆಯುವುದನ್ನು ಮಾತ್ರ ಬಿಡಬೇಡಿ ಎಂದು ಮತ್ತೊಮ್ಮೆ ಹೇಳಿದರು. ಅಣ್ಣ ಹೊಸ ಬಿಲ್ ಪುಸ್ತಕ ತಂದ.

ಸಾನಿಕಾ ಬಂದಳು. ಕಿವಿಯ ತುಂಬ ಚುಚ್ಚಿಸಿಕೊಂಡ, ಕೂದಲಿನ ಒಂದು ಎಳೆಗೆ ನೀಲಿ ಹಚ್ಚಿದ ಹುಡುಗಿ. ಒಳಗೆ ಬಂದು ಅಣ್ಣನ ಕಾಲು ಮುಟ್ಟಿ ನಮಸ್ಕಾರ ಮಾಡಿ ನೆಲದ ಮೇಲೇ ಕುಳಿತಳು. ಅಣ್ಣ ಗಂಟಲು ಸರಿಮಾಡಿಕೊಂಡು ಗಂಭೀರವಾಗಿದ್ದ. ಅವಳು ಮರಾಠಿಯಲ್ಲಿ, ನಮ್ಮ ತಪ್ಪಾಯಿತು ಕಾಕಾ, ಕೇಳಬೇಕಾಗಿತ್ತು, ಯಾರೂ ಇಲ್ಲ ಎಂದುಕೊಂಡಿದ್ದೆವು ಎಂದಳು. ನೀವು ಬೇಡ ಅಂದರೆ ಹೆಸರು ಬಿಟ್ಟುಬಿಡುತ್ತೇವೆ ಎಂದೂ ಹೇಳಿದಳು. ಅಷ್ಟು ಹೇಳಲು ಅವಳಿಗೆ ಕಷ್ಟವಾಗಿತ್ತು, ಸೆರಗಿಲ್ಲದ ಹುಡುಗಿ ಅಂಗಿಯ ತುದಿ ಹಿಡಿದು ತಿರುಚುತ್ತಿದ್ದಳು. ಅಣ್ಣ, ನೋಡೋಣ, ಮೊದಲು ವ್ಯವಹಾರ ಮುಗಿಯಲಿ ಎಂದ.

ಆದರೆ ವ್ಯವಹಾರ ಮುಗಿಯಲಿಲ್ಲ, ಮಾತು ಬೆಳೆಯಿತು. ಹಲ್ಲಿನ ಪುಡಿಗೆ ಭತ್ತದ ತೆನೆ ಯಾಕೆ ಎಂದು ಅವಳಿಗೆ ಅಷ್ಟು ದಿನದಿಂದ ಕುತೂಹಲವಂತೆ. ಬ್ಯಾಂಡಿನವರೆಲ್ಲ ಅದರ ಮೇಲೆ ವಾದವನ್ನೇ ಮಾಡಿದ್ದರಂತೆ. ಅಣ್ಣ ತನ್ನ ಹರಕು ಮರಾಠಿಯಲ್ಲಿ ಹುಬ್ಬಳ್ಳಿಯ ಛಾಪಖಾನೆ, ಬಾರದ ಅಕ್ಕಿ ವ್ಯಾಪಾರಿ, ಎಲ್ಲ ಹೇಳಿದ. ಯಾವ ಕಥೆಯನ್ನು ನಾನು ಎತ್ತಿದರೆ ಸಿಟ್ಟಾಗುತ್ತಿದ್ದನೋ ಅದನ್ನೇ ಬಣ್ಣ ಕಟ್ಟಿ ಹೇಳಿದ. ಅವಳು ಬಿದ್ದು ಬಿದ್ದು ನಕ್ಕಳು. ಮದುವೆ ಬ್ಯಾಂಡಿನ ಡೋಲಿನ ಮಾತು ಬಂದಾಗ ಮಾತ್ರ ನಗು ನಿಲ್ಲಿಸಿ, ಹಾಗಾದರೆ ನಾವು ಎರಡನೆಯ ಬ್ಯಾಂಡು ಎಂದಳು. ಡಬ್ಬಿ ಬಿಚ್ಚಿ, ಅಲ್ಲೇ ಬೆರಳಲ್ಲಿ ಪುಡಿ ಅದ್ದಿ ಹಲ್ಲಿಗೆ ತಿಕ್ಕಿಕೊಂಡು ಕಪ್ಪು ಬಾಯಲ್ಲಿ, ಅಜ್ಜಿಯ ಬಾಯಿಗೂ ಇದೇ ವಾಸನೆ ಇರುತ್ತಿತ್ತು ಎಂದಳು. ಅಜ್ಜಿ ಈಗಿಲ್ಲವೆಂದು ನಮಗೆ ತಿಳಿಯಿತು. ಅಣ್ಣ ತಂಬಿಗೆಯಲ್ಲಿ ನೀರು ತಂದು ಕೊಟ್ಟ.

ಹೊರಡುವ ಹೊತ್ತಾಯಿತು. ಅವಳು ಎದ್ದು ಚೀಲದ ಕಡೆ ನೋಡಿದಳು. ಅಣ್ಣ ಬಿಲ್ ಪುಸ್ತಕ ತೆರೆದು, ಕನ್ನಡಕ ಏರಿಸಿ, ಬಗಳಾ ಛಾಪ ಬ್ಯಾಂಡಿನವರಿಗೆ ಎಂದು ಬರೆದು, ದರದ ಕಾಲಮಿನ ಮುಂದೆ ಪೆನ್ನು ಹಿಡಿದು ನಿಂತುಬಿಟ್ಟ. ಆಗಲೇ ಹೊಳೆದದ್ದು ನಮಗೆ, ದರವನ್ನೇ ನಿರ್ಧರಿಸಿಲ್ಲ. ಎಷ್ಟೋ ವರ್ಷಗಳಿಂದ ಆ ಡಬ್ಬಿಗೆ ದರವೇ ಇರಲಿಲ್ಲ.

ಅಣ್ಣ ಮನಸ್ಸಿನಲ್ಲೇ ಗುಣಿಸುತ್ತಿದ್ದಾಗ ನಾನು ಒಂದು ಕೆಲಸ ಮಾಡಿದೆ. ಮಾಡಿದೆ ಎನ್ನುವುದಕ್ಕಿಂತ ನನ್ನ ಕೈ ಮಾಡಿತು. ಮೊದಲ ಸಲ ಮನೆಗೆ ಬಂದ ಹೆಣ್ಣುಮಗಳು ಹೊರಟು ನಿಂತಿದ್ದಾಳೆ ಎಂಬುದಷ್ಟೇ ಆ ಕೈಗೆ ಗೊತ್ತು. ಒಳಗೆ ಹೋಗಿ ಕುಂಕುಮದ ಭರಣಿ ತಂದು ಅವಳ ಹಣೆಗೆ ಇಟ್ಟೆ. ಬೊಗಸೆ ಒಡ್ಡಿಸಿ, ಕೈಗೆ ಸಿಕ್ಕ ಡಬ್ಬಿಯೊಂದನ್ನು ಎತ್ತಿ ಅದರಲ್ಲಿ ಹಾಕಿಬಿಟ್ಟೆ. ಹಾಕಿದ ಮೇಲೆ, ಯಾರಿಗೂ ಪುಕ್ಕಟೆ ಕೊಡಬೇಡಿ ಎಂದ ವಕೀಲರ ಮಾತು ನೆನಪಾಯಿತು. ಕೊಟ್ಟದ್ದನ್ನು ಬೊಗಸೆಯಿಂದ ತೆಗೆಯುವಂತಿಲ್ಲ.

ಸಾನಿಕಾ ಪಾಪ, ಇದು ವ್ಯವಹಾರದ ಭಾಗವೇ ಇರಬೇಕೆಂದು ತಿಳಿದು, ಒಂದು ಕೈಯಲ್ಲಿ ಡಬ್ಬಿ ಹಿಡಿದು ಇನ್ನೊಂದು ಕೈಯಲ್ಲಿ ಪರ್ಸು ತೆಗೆದಳು. “ಕಿತೀಲಾ, ಕಾಕಾ?” ಎಂದು ಬೆಲೆ ಕೇಳಿದಳು.

ಅಣ್ಣ ಅವಳ ಹಣೆಯ ಕುಂಕುಮ ನೋಡಿದ. ಡಬ್ಬಿ ನೋಡಿದ. ನನ್ನನ್ನು ನೋಡಿದ. ಬೈಯುತ್ತಾನೆಂದೇ ನಾನು ತಲೆ ತಗ್ಗಿಸಿದೆ. ಈ ಒಂದು ಬಿಲ್ಲಿಗಾಗಿ ಆ ಮನುಷ್ಯ ಎಷ್ಟು ಮೆಟ್ಟಿಲು ಹತ್ತಿಳಿದಿದ್ದನೆಂದು ಬಲ್ಲವಳು ನಾನು. ಅವನು ಪೆನ್ನಿನ ಟೊಪ್ಪಿಗೆ ಹಾಕಿ ಕಿಸೆಗೆ ಸಿಕ್ಕಿಸಿಕೊಂಡ.

“ಒಂಟಿ ಡಬ್ಬಿ ಯಾಕ ಕೊಟ್ಟಿ, ಸುಮಿ?” ಎಂದ. “ಚೀಲ ತಾ ಇಲ್ಲೆ.”